ಆಚೆ ದಡವಿಲ್ಲದ ನೀರು

ಮಂಗಳಗೌರಿಯ ಮುಖಕ್ಕಿಂತ ಮೊದಲು ನಾನು ನೋಡಿದ್ದು ಅವಳ ಕೈ. ನೋಡಿ ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ. ಪ್ರೇಮ ಶುರುವಾಗಲು ಇದಕ್ಕಿಂತ ಮರ್ಯಾದೆಯ ದಾರಿಗಳು ಇರಬಹುದು, ನನ್ನ ಪಾಲಿಗೆ ಬಂದದ್ದು ಇದು.

ಐವತ್ತನಾಲ್ಕನೇ ಇಸವಿ. ಪುಟ್ಟಬಸಪ್ಪನವರ ಟೂರಿಂಗ್ ಟಾಕೀಸು ಚಾಮರಾಜನಗರದ ರೈಲ್ವೆ ಸ್ಟೇಷನ್ ಹಿಂದಿನ ಬಯಲಿನಲ್ಲಿ ಡೇರೆ ಹಾಕಿತ್ತು. ಹೆಂಗಸರ ಕಡೆಯ ಟಿಕೆಟ್ ಕಿಂಡಿ ಎಂದರೆ ತಗಡಿನಲ್ಲಿ ಕೊರೆದ ಒಂದು ತೂತು, ಅಷ್ಟೆ. ಸಂಜೆ ಆರು ಗಂಟೆಗೆ ನಾನು ಅದರ ಹಿಂದೆ ಕೂತಿದ್ದೆ. ತೂತಿನೊಳಗಿಂದ ಒಂದು ಕೈ ಬಂತು. ಬಿಳಿಚಿಕೊಂಡ ಕೈ. ಬೆರಳ ತುದಿಯೆಲ್ಲ ಸುಕ್ಕುಗಟ್ಟಿ, ಮೂರು ದಿನ ನೀರಿನಲ್ಲಿ ನೆಂದ ಹೆಣದ ಕೈಯ ಹಾಗೆ. ಮಧ್ಯಾಹ್ನವಷ್ಟೇ ಟ್ರಯಲ್ ಹಾಕಿಸಿ ಹೊಸ ಪಿಕ್ಚರ್ ನೋಡಿದ್ದೆ, ಅದರಲ್ಲೂ ಇಂಥದೇ ಕೈ ದೋಣಿಯ ಅಂಚು ಹಿಡಿದುಕೊಂಡು ಮೇಲೆ ಬರುತ್ತದೆ.

ನಾನು ಬಿದ್ದ ಸದ್ದಿಗೆ ಹೊರಗಿನಿಂದ ನಗು ಕೇಳಿಸಿತು.

"ಯಾಕ್ರೀ ಸ್ವಾಮಿ, ಟಿಕೀಟು ಕೊಡೋದು ಅಷ್ಟು ಕಷ್ಟನಾ?"

"ನಿಮ್ಮ ಕೈಗೆ ಏನಾಗಿದೆ?"

"ರೇಷ್ಮೆ ಕಾರ್ಖಾನೆ ಕೈ ಕಣ್ರೀ. ಗೂಡು ಬೇಯೋ ಬಿಸ್ನೀರಲ್ಲಿ ದಿನಾ ಎಂಟು ಗಂಟೆ ಬಿದ್ದಿರ್ತದೆ. ಕಚ್ಚಾಕಿಲ್ಲ ಬುಡಿ, ಟಿಕೀಟು ಕೊಡಿ."

ತೂತಿಗೆ ಕಣ್ಣಿಟ್ಟು ನೋಡಿದೆ. ಇಪ್ಪತ್ತೇಳು ಇಪ್ಪತ್ತೆಂಟರ ಹೆಣ್ಣು, ಹಣೆಯಲ್ಲಿ ವಿಭೂತಿ, ಅದರ ಕೆಳಗೆ ಕುಂಕುಮ, ಕೈತುಂಬ ಹಸಿರು ಬಳೆ. ನಗು ತುಟಿಯಲ್ಲಿತ್ತು, ಕಣ್ಣಿನವರೆಗೆ ಹೋಗಿರಲಿಲ್ಲ. ನನ್ನ ಕಣ್ಣು ತೂತಿನಲ್ಲಿ ಕಂಡದ್ದೇ ತಡ, ಅವಳು ಸೆರಗು ಸರಿಮಾಡಿಕೊಂಡು ಬೇಕೆಂದೇ ಆ ಕೈಯನ್ನು ಇನ್ನೊಮ್ಮೆ ತೂತಿನೊಳಗೆ ತೂರಿಸಿ ಬೆರಳು ಆಡಿಸಿದಳು. ಎರಡನೇ ಸಲವೂ ಬೆಚ್ಚಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಆ ಪಿಕ್ಚರ್ ನಮ್ಮದಾಗಬೇಕಿದ್ದದ್ದೇ ಅಲ್ಲ. ಬೆಂಗಳೂರಿನಿಂದ ಒಂದು ಪೌರಾಣಿಕ ಬರಬೇಕಿತ್ತು. ಡಬ್ಬಿ ಬದಲಾಗಿ, ಮೈಸೂರು ರೈಲಿನಲ್ಲಿ ಇದು ಬಂದು ಇಳಿಯಿತು. ಡಬ್ಬಿಯೊಳಗೆ ಒಂದು ಇಂಗ್ಲಿಷ್ ಕಾಗದವಿತ್ತು, ಅರ್ಧ ಇಲಿ ತಿಂದಿತ್ತು. ಮಿಡಲ್ ಸ್ಕೂಲಿಗೆ ಓದು ಬಿಟ್ಟ ನನಗೆ ಅದರಲ್ಲಿ ದಕ್ಕಿದ್ದು ಮೂರೇ ಮಾತು. ದೇಶ ನಾರ್ವೆ, ಜಾಗ ಸಮುದ್ರ, ವಿಷಯ ಸತ್ತವರು.

"ಯಾವ ಭಾಷೆ ಆದ್ರೇನ್ಲಾ ಗಂಗಾಧರ," ಎಂದರು ಪುಟ್ಟಬಸಪ್ಪನವರು. "ನೀನು ಇದ್ದೀಯಲ್ಲ."

ಇದ್ದೆ. ಅದೇ ನನ್ನ ಕೆಲಸ. ಹೊರದೇಶದ ಪಿಕ್ಚರ್ ಬಂದರೆ ಪರದೆಯ ಪಕ್ಕ ತಗಡಿನ ಕೊಳವೆ ಹಿಡಿದು ನಿಂತು, ಅವರು ಆಡುವ ಮಾತನ್ನೆಲ್ಲ ಕನ್ನಡದಲ್ಲಿ ಹೇಳುವುದು. ಆಪರೇಟರ್ ಮಾದೇವ ಸೌಂಡ್ ಇಳಿಸುತ್ತಿದ್ದ, ನಾನು ಗಂಟಲು ಏರಿಸುತ್ತಿದ್ದೆ. ಬದನಗುಪ್ಪೆಯಲ್ಲಿ ಹುಟ್ಟಿದ ನಾನು ಇಂಗ್ಲಿಷರು, ಜರ್ಮನರು ಎಲ್ಲರಿಗೂ ಬಾಯಿಯಾಗಿದ್ದೆ. ಅವರಲ್ಲಿ ಒಬ್ಬರೂ ಬಂದು ತಪ್ಪು ಎಂದಿರಲಿಲ್ಲ.

ಪಿಕ್ಚರ್ ಹೀಗಿತ್ತು. ಚಳಿ ದೇಶ. ಎಲ್ಲಿ ನೋಡಿದರೂ ಮಂಜು. ಆ ಮಂಜಿನೊಳಗಿಂದ ಒಂದು ಅರ್ಧ ದೋಣಿ ಬರುತ್ತದೆ, ಉದ್ದಕ್ಕೆ ಸೀಳಿ ಒಂದೇ ಹೋಳು ಉಳಿದಂಥದ್ದು. ಅದನ್ನು ಹುಟ್ಟು ಹಾಕುವವನಿಗೆ ತಲೆಯಿರುವ ಕಡೆ ಕಡಲ ಪಾಚಿ. ನೀರಿನಲ್ಲಿ ಸತ್ತು ಮಣ್ಣು ಸಿಗದವರೆಲ್ಲ ಸೇರಿ ಅವನಾಗಿದ್ದಾರೆ. ರೀಲು ರೀಲಿಗೂ ಅವನು ದೊಡ್ಡವನಾಗುತ್ತಾನೆ, ದೋಣಿಗಳನ್ನು ಮುರಿಯುತ್ತಾನೆ. ದಡದ ಗುಡಿಸಲಿನಲ್ಲಿ ಒಬ್ಬ ಹೆಂಗಸು ಗಂಡನಿಗಾಗಿ ದೀಪ ಹಚ್ಚಿ ಕಾಯುತ್ತಿರುತ್ತಾಳೆ. ಕೊನೆಯ ರೀಲಿನಲ್ಲಿ ಅವನು ಮನುಷ್ಯನ ಅಳತೆಗೆ ಇಳಿದು, ಮನುಷ್ಯನ ಮುಖ ಹೊತ್ತು, ಮೈಯಿಂದ ನೀರು ಸುರಿಸುತ್ತ, ಅವಳ ಬಾಗಿಲಲ್ಲಿ ನಿಲ್ಲುತ್ತಾನೆ. ಎರಡು ನಿಮಿಷ ಏನೋ ಹೇಳುತ್ತಾನೆ. ಅವಳು ಚಿಲಕಕ್ಕೆ ಕೈ ಹಾಕುತ್ತಾಳೆ. ಮುಗಿಯಿತು.

ಆ ಎರಡು ನಿಮಿಷ ಅವನು ಏನು ಹೇಳಿದನೋ ಶಿವನೇ ಬಲ್ಲ. ಮೊದಲ ಸಂಜೆ ನಾನು ಗಂಟಲು ಒರಟು ಮಾಡಿಕೊಂಡು, "ಎಷ್ಟು ವರ್ಷವಾದರೂ ನೀನು ನನ್ನವಳೇ. ನಿನ್ನನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ, ಹೊರಗೆ ಬಾ," ಎಂದೆ. ಡೇರೆಯಲ್ಲಿ ಮಕ್ಕಳು ಅತ್ತವು. ಗಂಡಸರು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು. ಪುಟ್ಟಬಸಪ್ಪನವರು ನನಗೆ ಎರಡು ಬಾಳೆಹಣ್ಣು ಕೊಟ್ಟರು.

ನಮ್ಮ ಬಯಲಿನ ಬಾವಿಗೆ ಮಧ್ಯಾಹ್ನ ರೇಷ್ಮೆ ಕಾರ್ಖಾನೆಯ ಹೆಂಗಸರು ಕುಡಿಯುವ ನೀರಿಗೆ ಬರುತ್ತಿದ್ದರು. ಮಾರನೇ ದಿನ ಅವಳೂ ಬಂದಳು. ಉಳಿದವರು ಮುಂದೆ ಹೋದ ಮೇಲೆ ಹಗ್ಗ ಸುತ್ತುತ್ತ ನಿಂತಳು.

"ಅವ್ನು ನಿಜವಾಗ್ಲೂ ಹಂಗೇ ಅಂದ್ನಾ?"

"ಯಾರು?"

"ಬಾಗ್ಲಲ್ಲಿ ನಿಂತಿದ್ನಲ್ಲ. ಕರ್ಕಂಡೋಗಕ್ಕೆ ಬಂದಿವ್ನಿ ಅಂತ."

"ಅಂದ. ಅವರ ಭಾಷೇಲಿ ಅದೇ ಅರ್ಥ."

"ಆ ಭಾಷೆ ಬತ್ತದಾ ನಿಮಗೆ?"

ಬಿಸಿಲಿಗೆ ಅವಳ ಕಣ್ಣು ಸ್ವಲ್ಪ ಕಿರಿದಾಗಿತ್ತು. ಹಣೆಯ ಬೆವರಿಗೆ ಒಂದು ಎಳೆ ಕೂದಲು ಅಂಟಿಕೊಂಡಿತ್ತು. ಅಂಥ ಮುಖದ ಮುಂದೆ ನಿಂತು ಬರುವುದಿಲ್ಲ ಎನ್ನಲು ನನ್ನಿಂದ ಆಗಲಿಲ್ಲ.

"ಬರದೆ ಏನು," ಎಂದೆ.

ಅಂದಿನಿಂದ ಅವಳು ದಿನವೂ ಬಂದಳು. ಹೆಂಗಸರ ಕಡೆಯನ್ನು ಮರೆಮಾಡಿದ್ದ ಬಟ್ಟೆಯ ತೆರೆ ಮುಂಭಾಗದಲ್ಲಿ ಗಿಡ್ಡ, ನಾನು ನಿಲ್ಲುವ ಜಾಗಕ್ಕೆ ಅವಳು ಚೆನ್ನಾಗಿ ಕಾಣುತ್ತಿದ್ದಳು. ಎಲ್ಲರೂ ಪರದೆ ನೋಡುವಾಗ ಅವಳು ನನ್ನ ಬಾಯಿ ನೋಡುತ್ತಿದ್ದಳು. ಇದನ್ನು ನಾನು ಹೇಗೆ ತಿಳಿದುಕೊಂಡೆ ಎಂದು ಬೇರೆ ಹೇಳಬೇಕಿಲ್ಲ. ಅಂಗಿಗೆ ಇಸ್ತ್ರಿ ಹಾಕಿಸಿದೆ. ತಲೆಗೆ ವಾಸನೆ ಎಣ್ಣೆ ಬಂತು. ಬಾವಿಯ ಹತ್ತಿರ ನನಗೆ ದಿನಾ ಮಧ್ಯಾಹ್ನ ಕೆಲಸ ಬೀಳತೊಡಗಿತು.

"ನೀವು ಈ ಬಾವಿ ಕಾಯಕ್ಕೂ ಸಂಬ್ಳ ತಗತೀರಾ?" ಎಂದು ಅವಳೇ ಒಂದು ದಿನ ಕೇಳಿದಳು.

"ಇಲ್ಲ, ಇದು ಧರ್ಮಕ್ಕೆ."

ನಗು ಆ ದಿನ ಕಣ್ಣಿನ ಹತ್ತಿರದವರೆಗೂ ಹೋಯಿತು. ಧೈರ್ಯ ಬಂದು ಕೇಳಿದೆ: "ಒಂದೇ ಪಿಕ್ಚರ್‌ನ ಆರು ದಿನದಿಂದ ನೋಡ್ತಿದ್ದೀರಲ್ಲ, ಅಂಥಾದ್ದು ಏನಿದೆ ಅದರಲ್ಲಿ?" ನಿಮ್ಮ ಗಂಟಲು ಎನ್ನುತ್ತಾಳೆಂದು ಕಾದೆ.

ಅವಳು ಬಿಂದಿಗೆಯನ್ನು ಕಟ್ಟೆಯ ಮೇಲೆ ಇಟ್ಟಳು.

"ನನ್ ಗಂಡ ಕಡಲಲ್ಲಿ ಹೋದ್ರು," ಎಂದಳು.

ಹದಿನಾಲ್ಕಕ್ಕೆ ಅವಳ ಮದುವೆ. ಗಂಡ ಶಾಂತಮಲ್ಲಪ್ಪ, ಕುದೇರಿನವನು. ವರ್ಷ ತುಂಬುವುದರೊಳಗೆ ಮಿಲಿಟರಿಗೆ ಸೇರಿ ಹಡಗು ಹತ್ತಿದ. ನಲವತ್ತೆರಡರಲ್ಲಿ ಹಡಗು ಮುಳುಗಿತು ಎಂದು ಕಾಗದ ಬಂತು. ಅದರಲ್ಲಿ ಸತ್ತ ಎಂದಿರಲಿಲ್ಲ, ಸಿಕ್ಕಿಲ್ಲ ಎಂದಿತ್ತು. ಅತ್ತೆ ಪುಟ್ಟಮಲ್ಲಮ್ಮನಿಗೆ ಅಷ್ಟೇ ಸಾಕಾಯಿತು. ಸೊಸೆಯ ಕುಂಕುಮ ಅಳಿಸಲು ಬಂದವರನ್ನು ಹೊಸ್ತಿಲಿನಿಂದಲೇ ಓಡಿಸಿದರು.

"ಹನ್ನೆರಡು ವರ್ಸ ಆಯ್ತು, ನಮ್ಮನೇಲಿ ಸಂಜೆ ಬಾಗ್ಲು ಹಾಕಿಲ್ಲ. ಅತ್ತೆ ದಿನಾ ಒಂದು ತಟ್ಟೇಲಿ ಊಟ ಬಡಿಸಿ ಇಡ್ತದೆ. ನಾನು ಎದುರ್ಗೆ ಕೂತ್ಕತೀನಿ. ಬೀದೀಲಿ ಯಾರಾದ್ರೂ ನಡೆದ್ರೆ ನನ್ ಎದೆ ಹೊಡ್ಕತದೆ."

"ಬರಲಿ ಅಂತಲೋ?"

ಅವಳು ತಲೆ ಅಲ್ಲಾಡಿಸಿದಳು. "ಬಂದ್‌ಬುಟ್ರೆ ಅಂತ. ಅವ್ರ ಮುಖಾನೇ ಮರ್ತೋಯ್ತು ಕಣ್ರೀ. ಕತ್ತಿನ ಹಿಂದ್ಗಡೆ ನೆಪ್ಪದೆ, ಮುಖ ಇಲ್ಲ. ಯಾರೋ ಒಬ್ರು ಬಾಗ್ಲಲ್ಲಿ ನಿಂತ್ಕಂಡು ನಾನೇ ಅಂದ್ರೆ, ಅಲ್ಲ ಅನ್ನಕ್ಕೆ ನನಗೆ ಗೊತ್ತಾಗಾಕಿಲ್ಲ." ಬಿಂದಿಗೆಯ ಕಂಠ ಒರೆಸುತ್ತ ಹೇಳಿದಳು, "ನಿಮ್ ಪಿಕ್ಚರ್ ನೋಡಿದ್ ದಿನದಿಂದ, ಅವ್ರು ಬಂದೇ ಬತ್ತಾರೆ ಅಂತ ಗೊತ್ತಾಯ್ತು."

ಆ ಮಾತು ನಾನೇ ಕಟ್ಟಿದ್ದು, ಅದಕ್ಕೆ ಸಿಕ್ಕಿದ್ದು ಎರಡು ಬಾಳೆಹಣ್ಣು ಎಂದು ಹೇಳುವ ಹಾಗಿರಲಿಲ್ಲ.

ನಮ್ಮ ಜನದಲ್ಲಿ ಗಂಡ ಸತ್ತವಳಿಗೆ ಉಡಿಕೆ ಉಂಟು. ದೀಪ ಹಚ್ಚುವ ಹೊತ್ತಿಗೆ, ವಾಲಗ ಇಲ್ಲದೆ, ಹೊಸ ಸೀರೆ ಉಡಿಸಿ ಇನ್ನೊಬ್ಬನ ಜೊತೆ ಕಳಿಸುತ್ತಾರೆ. ಯಾರೂ ಅದನ್ನು ತಪ್ಪು ಎನ್ನುವುದಿಲ್ಲ. ಆದರೆ ಉಡಿಕೆಗೆ ಗಂಡ ಸತ್ತಿರಬೇಕು. ಸಿಕ್ಕಿಲ್ಲದವನ ಹೆಂಡತಿಗೆ ಉಡಿಕೆಯೂ ಇಲ್ಲ, ಸಂಸಾರವೂ ಇಲ್ಲ. ಆ ಮಧ್ಯಾಹ್ನ ನನಗೆ ಎರಡು ವಿಷಯ ಗೊತ್ತಾಯಿತು. ಇವಳು ನನಗೆ ಬೇಕು. ಇವಳನ್ನು ಕೇಳಬೇಕಾದರೆ ಒಬ್ಬ ಮನುಷ್ಯ ಸಾಯಬೇಕು, ಅವನು ಆಗಲೇ ಸತ್ತಿದ್ದರೂ.

ಅಂದು ಸಂಜೆ ಕೊನೆಯ ರೀಲಿನಲ್ಲಿ ಭೂತದ ಮಾತು ಬದಲಾಯಿಸಿದೆ. ಗಂಟಲು ಮೆತ್ತಗೆ ಮಾಡಿಕೊಂಡು, "ನಾನು ಸತ್ತು ಬಹಳ ಕಾಲವಾಯಿತು. ಹೇಳಿ ಹೋಗಲು ಬಂದೆ. ನನ್ನ ಋಣ ತೀರಿತು, ನೀನು ನಿನ್ನ ಬದುಕು ನೋಡಿಕೋ," ಎಂದೆ. ನೆಲದ ಕ್ಲಾಸಿನವರು ಶಿಳ್ಳೆ ಹೊಡೆದು ಬೈದರು. ಪುಟ್ಟಬಸಪ್ಪನವರು, "ಭೂತ ಪುರಾಣ ಹೇಳ್ತದೇನ್ಲಾ," ಎಂದು ರೇಗಿದರು. ನಾನು ಹೆಂಗಸರ ತೆರೆಯ ಕಡೆಗೇ ನೋಡುತ್ತಿದ್ದೆ. ಮಂಗಳಗೌರಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಜನ ಎದ್ದು ಹೋದರೂ ಅವಳು ಏಳಲಿಲ್ಲ.

ಎರಡು ದಿನ ಅವಳು ಬಾವಿಗೂ ಬರಲಿಲ್ಲ, ಡೇರೆಗೂ ಬರಲಿಲ್ಲ. ಮೂರನೇ ದಿನ ಬಿಂದಿಗೆ ಇಲ್ಲದೆ ಬಂದಳು.

"ಐದು ದಿನ ಕರ್ಕಂಡೋಗ್ತೀನಿ ಅಂದ. ಆರ್ನೇ ದಿನ ಬುಟ್‌ಬುಟ್ಟೆ ಅಂದ. ಪರದೇಲಿ ಅದೇ ಮುಖ, ಅದೇ ಬಾಯಿ. ಎರಡ್ರಲ್ಲಿ ಯಾವ್ದು ಸುಳ್ಳು?"

ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು, ನನ್ನಂಥವನಿಗೆ ಅದಕ್ಕೇನು ಬರ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಎರಡೂ," ಎಂದೆ. "ನನಗೆ ಆ ಭಾಷೆ ಒಂದಕ್ಷರ ಬರಲ್ಲ. ಮೊದಲ್ನೇದು ಜನ ಹೆದರಲಿ ಅಂತ ಅಂದೆ."

"ಎರಡ್ನೇದು?"

"ನೀವು ನನಗೆ ಬೇಕು ಅಂತ."

ಹೇಳಿಬಿಟ್ಟೆ. ಇಷ್ಟು ವರ್ಷ ಎಷ್ಟೋ ನಾಯಕರ ಬಾಯಲ್ಲಿ ಈ ಮಾತನ್ನು ಚೆಂದವಾಗಿ ಆಡಿಸಿದ್ದೆ, ನನ್ನದು ಮಾತ್ರ ಸಂತೆಯಲ್ಲಿ ತರಕಾರಿ ಕೇಳಿದ ಹಾಗೆ ಬಂತು. ಅವಳ ಮುಖ ಕೆಂಪಾಯಿತು, ಸಿಟ್ಟಿಗೋ ಬೇರೆಯದಕ್ಕೋ ತಿಳಿಯಲಿಲ್ಲ.

"ಐದು ರಾತ್ರಿ ನಾನು ಕಣ್ಮುಚ್ಚಿಲ್ಲ. ಆರ್ನೇ ರಾತ್ರಿ, ಹನ್ನೆರಡು ವರ್ಸ ಆದ್ಮೇಲೆ, ಚೆಂದಾಗಿ ಮಲೀಕಂಡೆ. ಅದೂ ನಿಮ್ದೇ ಮಾತಾ?" ಅವಳು ಬಾವಿಯ ಹಗ್ಗ ಹಿಡಿದುಕೊಂಡಳು. "ನಾನು ಎದ್ದು ಅತ್ತೇಗೆ ಅಂದ್‌ಬುಟ್ಟಿವ್ನಿ. ಕಡಲಲ್ಲಿ ಸತ್ತೋರು ಬಂದು ಬುಟ್‌ಬುಟ್ಟೆ ಅಂತಾರೆ, ಪಿಕ್ಚರಲ್ಲಿ ಅದೆ ಅಂತ. ನಾನೇ ಬಂದು ಕೇಳ್ತೀನಿ ಅಂತದೆ. ನಾಳೆ ಕರ್ಕಂಡ್ ಬತ್ತೀನಿ."

"ನಾನು ಏನು ಹೇಳ್ಲಿ?"

"ಅದ್ನ ನನ್ನ ಕೇಳ್ಬ್ಯಾಡಿ." ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು. "ಒಂದು ನೆಪ್ಪಿರ್ಲಿ. ನೀವು ಏನಂದ್ರೂ ಆಯಮ್ಮ ಸಾಯೋಗಂಟ ನಂಬ್ತದೆ. ನನಗೂ ನೀವು ಬೇಕು. ಅದಕ್ಕೇ ಭಯ ಆಯ್ತದೆ."

ಅದನ್ನು ಕೇಳಿ ಕುಣಿಯಬೇಕಿತ್ತು. ಡೇರೆಯ ಹಿಂದೆ ಹೋಗಿ ಕಂಬಕ್ಕೆ ಒರಗಿ ಕೂತೆ. ನಾಳೆ ಎಂಟು ಮಾತು ಆಡಿದರೆ ಮುದುಕಿ ಮಗನನ್ನು ಬಿಡುತ್ತಾರೆ, ಸೊಸೆಯನ್ನೂ ಬಿಡುತ್ತಾರೆ. ಅಷ್ಟು ಸುಲಭ. ನಾಲ್ಕು ದಿನಕ್ಕೆ ಡೇರೆ ಕಿತ್ತು ಗುಂಡ್ಲುಪೇಟೆಗೆ ಹೋಗಬೇಕಿತ್ತು, ಬೇರೆ ದಾರಿ ಹುಡುಕಲು ಹೊತ್ತಿರಲಿಲ್ಲ. ಮಾತುಗಳನ್ನು ಬಾಯಿಪಾಠ ಮಾಡಿದೆ.

ಮಾರನೇ ಸಂಜೆ ಪುಟ್ಟಮಲ್ಲಮ್ಮ ಬಂದರು. ಒಣಗಿದ ಮೈ, ನೆಟ್ಟಗಿನ ಬೆನ್ನು. ಜೀವಮಾನದಲ್ಲಿ ಸಿನಿಮಾ ನೋಡಿದವರಲ್ಲ. ತೆರೆಯ ಪಕ್ಕ ಎಲ್ಲರಿಗಿಂತ ಮುಂದೆ ಕೂತು, ಬಲಗಿವಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು. ಭೂತಕ್ಕೆ ಮಕ್ಕಳು ಕಿರುಚಿದಾಗಲೂ ಆಕೆ ಅಲುಗಲಿಲ್ಲ. ಮಂಗಳಗೌರಿ ತಲೆ ಎತ್ತಲೇ ಇಲ್ಲ.

ಕೊನೆಯ ರೀಲು ಬಂತು. ಅವನು ಬಾಗಿಲಲ್ಲಿ ನಿಂತ. ಬಾಯಿ ತೆರೆದ. ನಾನೂ ತೆರೆದೆ.

ಮುದುಕಿಯ ಮುಖ ನೋಡಿದೆ. ಕಣ್ಣು ಮುಚ್ಚಿಕೊಂಡು, ಕಿವಿಯೊಂದನ್ನೇ ನನಗೆ ಕೊಟ್ಟು ಕಾಯುತ್ತಿದ್ದರು. ಬಾಯಿಪಾಠ ಮಾಡಿದ ಮಾತು ಗಂಟಲಿಗೆ ಬಂತು. ಆ ಕಿವಿಗೆ ಅದನ್ನು ಹಾಕಲು ನನ್ನಿಂದ ಆಗಲಿಲ್ಲ. ಕೊಳವೆ ಕೆಳಗಿಟ್ಟು, ಸೌಂಡ್ ಏರಿಸು ಎಂದು ಮಾದೇವನಿಗೆ ಕೈ ಸನ್ನೆ ಮಾಡಿದೆ.

ಇಷ್ಟು ದಿನ ನನ್ನ ಗಂಟಲಿನ ಅಡಿ ಮುಚ್ಚಿಹೋಗಿದ್ದ ಸದ್ದು ಆಗ ಹೊರಗೆ ಬಂತು. ಸತ್ತವನ ದನಿ ತಗ್ಗಿತ್ತು, ಬೆದರಿಕೆ ಇರಲಿಲ್ಲ, ಒಂದಕ್ಷರ ಅರ್ಥವಾಗಲಿಲ್ಲ. ಅವನ ಹಿಂದೆ ಇನ್ನೊಂದು ಸದ್ದು ಇತ್ತು. ಏಳುವುದು, ಬೀಳುವುದು, ಹಿಂದಕ್ಕೆ ಎಳೆದುಕೊಳ್ಳುವುದು. ಡೇರೆಯ ಬಟ್ಟೆಯೇ ಉಸಿರಾಡುತ್ತಿದೆ ಅನ್ನಿಸಿತು. ಯಾರೂ ಶಿಳ್ಳೆ ಹೊಡೆಯಲಿಲ್ಲ.

ಪುಟ್ಟಮಲ್ಲಮ್ಮ ಕಣ್ಣು ತೆರೆದರು. ಪರದೆಯಲ್ಲಿ ಬೆಳಗಾಗಿತ್ತು. ಪಿಕ್ಚರಿನ ಉದ್ದಕ್ಕೂ ಕವಿದಿದ್ದ ಮಂಜು ಆ ಒಂದು ಕಡೆ ಮಾತ್ರ ಸರಿಯುತ್ತದೆ. ಭೂತದ ಬಾಯಿ ನೋಡುವ ಗಡಿಬಿಡಿಯಲ್ಲಿ ನಾನೂ ಅದನ್ನು ಗಮನಿಸಿರಲಿಲ್ಲ. ಅವನ ಹೆಗಲಿನ ಹಿಂದೆ ನೀರು, ನೀರಿನ ಹಿಂದೆಯೂ ನೀರು, ಆಕಾಶ ಮುಟ್ಟುವವರೆಗೆ.

ಆಕೆ ಎದ್ದು ನಿಂತರು.

"ಏನಪ್ಪ ಅದು, ಅವನ ಹಿಂದ್ಗಡೆ?"

"ಕಡಲು ಕಣಮ್ಮ."

"ಆಚೆ ದಡ ಎಲ್ಲದೆ?"

ನಾನೂ ಕಡಲು ಕಂಡವನಲ್ಲ. ಬೆಂಚಿನ ಕ್ಲಾಸಿನಲ್ಲಿ ಚಹಾ ಅಂಗಡಿಯ ಕೋಯಾ ಕೂತಿದ್ದ, ಕಲ್ಲಿಕೋಟೆ ಕಡೆಯವನು. ಅವನೇ ಹೇಳಿದ. "ಆಚೆ ದಡ ಇಲ್ಲ ಉಮ್ಮಾ. ಹಡಗಲ್ಲಿ ಹೋದರೂ ಎಷ್ಟೋ ದಿನ ಬರೀ ನೀರೇ."

ಮುದುಕಿ ಪರದೆಯ ಹತ್ತಿರ ನಡೆದರು. ಆ ಬೆಳಕು, ಆ ನೀರು ಆಕೆಯ ಬಿಳಿ ಸೀರೆಯ ಮೇಲೆ ಅಲುಗಾಡಿತು.

"ನನ್ ಮಗ ಕುದೇರು ಕೆರೇನ ಒಂದೇ ದಮ್ಮಿಗೆ ಮೂರ್ ಸಲ ಈಜೋನು," ಎಂದರು, ಯಾರಿಗೆಂದು ಇಲ್ಲ. "ಕಡಲು ಅಂದ್ರೆ ಅಂಥಾ ಹತ್ತು ಕೆರೆ ಇರ್ಬೌದು ಅನ್ಕಂಡಿದ್ದೆ. ಯಾವ್ದಾದ್ರೂ ಒಂದ್ ಕಡೆ ದಡ ಸಿಕ್ಕೇ ಸಿಕ್ತದಲ್ಲ ಅಂತ." ಸದ್ದು ಏಳುತ್ತ ಬೀಳುತ್ತ ಇತ್ತು. "ಇಷ್ಟು ದಿನ ಅವ್ನು ಈಜ್ತಾ ಅವ್ನೆ ಅನ್ಕಂಡಿದ್ದೆ ಕಣಪ್ಪ."

ಪರದೆಯ ಮೇಲೆ ಹೆಂಗಸು ಚಿಲಕಕ್ಕೆ ಕೈ ಹಾಕಿದಳು. ರೀಲು ಮುಗಿದು ಬೆಳಕು ಹತ್ತಿತು. ಮಂಗಳಗೌರಿ ಬಂದು ಅತ್ತೆಯನ್ನು ತಬ್ಬಿಕೊಂಡಳು. ಅವಳು ದೊಡ್ಡ ದನಿ ತೆಗೆದು ಅತ್ತಳು. ಹನ್ನೆರಡು ವರ್ಷ ಅವಳಿಗೆ ಅಳುವುದಕ್ಕೂ ಹಕ್ಕಿರಲಿಲ್ಲ. ನಾವು ಗಂಡಸರೆಲ್ಲ ನೆಲ ನೋಡುತ್ತ ಹೊರಗೆ ಬಂದೆವು.

ಮರುದಿನ ಕುದೇರಿನಿಂದ ನೆಂಟರು ಬಂದರು. ದೇಹವಿಲ್ಲದ ಸಾವಿಗೆ ಏನೇನು ಮಾಡಬೇಕೋ ಮಾಡಿದರು. ನಾನು ಆ ಬೀದಿಗೆ ಹೋಗಲಿಲ್ಲ, ಯಾವ ಮುಖ ಹೊತ್ತು ಹೋಗಲಿ. ನಾಲ್ಕನೇ ದಿನ ಡೇರೆ ಗುಂಡ್ಲುಪೇಟೆಗೆ ಸಾಗಿತು. ಅಲ್ಲಿಯೂ ಅದೇ ಪಿಕ್ಚರ್. ಕೊನೆಯ ಎರಡು ನಿಮಿಷ ನಾನು ಕೊಳವೆ ಮುಟ್ಟಲಿಲ್ಲ. ಪುಟ್ಟಬಸಪ್ಪನವರು ಬೈದು ಬೈದು ಸುಮ್ಮನಾದರು. ಆ ಸದ್ದು ನನ್ನ ಜೊತೆ ಮಲಗುವ ಜಾಗಕ್ಕೂ ಬರುತ್ತಿತ್ತು. ಒಬ್ಬ ಮನುಷ್ಯನ ಸಾವು ಬಯಸಿದ್ದವನಿಗೆ ಅಷ್ಟಾದರೂ ಆಗಬೇಕಾದ್ದೇ.

ಎರಡು ತಿಂಗಳ ಮೇಲೆ ಬಸ್ಸಿನವನ ಕೈಯಲ್ಲಿ ಹೇಳಿಕೆ ಬಂತು, ಪುಟ್ಟಮಲ್ಲಮ್ಮ ಬರಹೇಳಿದ್ದಾರೆ ಎಂದು. ಹೋದೆ. ಹೊಸ್ತಿಲ ಆಚೆ ನಿಂತೆ. ಮಂಗಳಗೌರಿ ಒಳಬಾಗಿಲ ಮರೆಯಲ್ಲಿದ್ದಳು. ಹಣೆಯಲ್ಲಿ ವಿಭೂತಿ ಮಾತ್ರ, ಕೈ ಬರಿದು. ನನ್ನನ್ನು ಒಂದೇ ಸಲ ನೋಡಿದಳು, ಆದರೆ ಬಹಳ ಹೊತ್ತು ನೋಡಿದಳು.

"ಇವ್ಳು ಎಲ್ಲಾನೂ ಅಂದವ್ಳೆ," ಎಂದರು ಮುದುಕಿ. "ಆ ಮಾತು ಬರಾಕಿಲ್ವಂತೆ ನಿನಗೆ."

"ಬರಲ್ಲ ಅಮ್ಮ. ಅವನು ಏನಂದ ಅಂತ ಇವತ್ತಿಗೂ ಗೊತ್ತಿಲ್ಲ. ನಾನು ನಿಮಗೂ ಸುಳ್ಳು ಹೇಳೋನಿದ್ದೆ."

"ಹೇಳ್ನಿಲ್ವಲ್ಲ." ಮೇಲಿನಿಂದ ಕೆಳಗಿನವರೆಗೆ ನನ್ನನ್ನು ಅಳೆದರು. "ಏನಂದ ಅಂತ ನನಗೆ ಗೊತ್ತಾಯ್ತು ಬುಡು." ಏನೆಂದು ಹೇಳಲಿಲ್ಲ, ಕೇಳುವ ಧೈರ್ಯ ನನಗೆ ಇರಲಿಲ್ಲ.

ಒಳಗೆ ಹೋಗಿ ಹಸಿರು ಅಂಚಿನ ಹೊಸ ಸೀರೆಯೊಂದನ್ನು ತಂದು ಮೊಣಕಾಲ ಮೇಲೆ ಇಟ್ಟುಕೊಂಡು ಕೂತರು. ಕೊಡಲಿಲ್ಲ. ಅದರ ಮಡಿಕೆ ಸವರುತ್ತ ಕೇಳಿದರು.

"ಈಜು ಬತ್ತದೇನಪ್ಪ ನಿಂಗೆ?"

ಎದುರಿನವರಿಗೆ ಏನು ಬೇಕೋ ಅದನ್ನೇ ಹೇಳಿ ಬದುಕಿದ ಬಾಯಿ ನನ್ನದು. ಈ ಮುದುಕಿಗೆ ಏನು ಬೇಕೆಂದು ನನಗೆ ತಿಳಿಯಲಿಲ್ಲ. ಇದ್ದದ್ದನ್ನೇ ಹೇಳಿದೆ.

"ಇಲ್ಲ ಅಮ್ಮ. ಮೊಣಕಾಲುದ್ದ ನೀರಿದ್ರೂ ಹೆದರ್ತೀನಿ."

ಆಕೆಯ ಮುಖ ಸಡಿಲವಾಯಿತು. ಸೀರೆಯನ್ನು ಎತ್ತಿ ನನ್ನ ಕೈಗೆ ಇಟ್ಟರು.

"ಒಳ್ಳೇದಾಯ್ತು. ಈಜು ಬರೋರ್ನ ಕಾಯೋದು ಬಲು ಕಷ್ಟ ಕಣಪ್ಪ. ಕರ್ಕಂಡೋಗು."